ಗ್ರೆನೋಬಲ್ಲಿಗೆ ಹೋದ ವಿಭೂತಿ

ಬಡವನಹಳ್ಳಿ

ಫ್ರಾನ್ಸಿಗೆ ಹೋಗಿ ಬಂದೆ ಅಂದರೆ ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ. "ಐಫೆಲ್ ಟವರ್ ನೋಡಿದ್ರಾ ಮೇಡಂ?" ನೋಡಲಿಲ್ಲ. ಪ್ಯಾರಿಸ್ಸಿಗೆ ಕಾಲೇ ಇಡಲಿಲ್ಲ. ನಾನು ನೋಡಿದ್ದು ಒಂದು ಸೀಸ ಹೊದಿಸಿದ ಕಬ್ಬಿಣದ ಕೋಣೆ, ಎರಡು ನದಿ, ನಮ್ಮ ಮಧುಗಿರಿ ಬೆಟ್ಟದ ಮುಂದೆ ಮಗುವಿನಂತೆ ಕಾಣುವ ಒಂದು ಕೋಟೆ ಗುಡ್ಡ. ಇಷ್ಟು ಹೇಳಿದರೆ ಜನಕ್ಕೆ ನನ್ನ ಮೇಲೆ ಕನಿಕರ ಬರುತ್ತದೆ. ಇಷ್ಟು ದೂರ ಹೋಗಿ ಇದೇನಾ ನೋಡಿದ್ದು ಅಂತ.

ನಾನು ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ರಜೆ ಸಿಕ್ಕಾಗೆಲ್ಲ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕುಲುಮೆಯ ಮುಂದೆ ಕೂತು ಹರಳು ಬೆಳೆಸುತ್ತೇನೆ. ಲ್ಯಾಂಥನಮ್, ಕ್ಯಾಲ್ಸಿಯಂ, ಮ್ಯಾಂಗನೀಸ್, ಆಮ್ಲಜನಕ ಸೇರಿ ಆದ ಕಪ್ಪು ಹರಳು. ಬೆಳೆಸಿದ್ದರಲ್ಲಿ ಮುಕ್ಕಾಲು ಪಾಲು ಒಡೆದು ಹೋದವು. ಉಳಿದದ್ದರಲ್ಲಿ ಒಂದೇ ಒಂದು, ಕಡಲೆಬೇಳೆ ಗಾತ್ರದ್ದು, ನೆಟ್ಟಗೆ ಬಂತು. ಅದಕ್ಕೂ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಆ ಹರಳನ್ನು ಗ್ರೆನೋಬಲ್ ಎಂಬ ಊರಿನ ದೊಡ್ಡ ಎಕ್ಸ್-ರೇ ಯಂತ್ರದ ಮುಂದೆ ಇಟ್ಟು ನೋಡಲು ಮೂರು ದಿನ ಕೊಟ್ಟಿದ್ದರು. ಅಲ್ಲಿ ಆಗದಿದ್ದರೆ ಮತ್ತೆ ಸರದಿ ಯಾವಾಗಲೋ, ಬರುತ್ತದೋ ಇಲ್ಲವೋ.

ಏನು ನೋಡಬೇಕಿತ್ತು ಎಂಬುದನ್ನು ನಮ್ಮನೆಯವರಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ. ಅವರು ನಾಗರಾಜ, ಬಡವನಹಳ್ಳಿ ಸಂತೆ ಮೈದಾನದ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದವರು. ಅಂಗಡಿ ಮುಂದೆ ಬೇವಿನ ಮರದ ಕೆಳಗೆ ಅವರದೊಂದು ಹಗ್ಗದ ಮಂಚ. ಮಧ್ಯಾಹ್ನ ಊಟ ಆದ ಮೇಲೆ ಅದರಲ್ಲೇ ಮಲಗುತ್ತಿದ್ದರು. ಒಂದು ದಿನ ಮಂಚದ ಪಕ್ಕ ಕೂತು ಹೇಳಿದೆ. ಹರಳಿನೊಳಗೆ ಪರಮಾಣುಗಳು ಈ ಹಗ್ಗದ ಹೆಣಿಗೆಯ ಥರ ಸಾಲಾಗಿ ಇರುತ್ತವೆ. ಎಲೆಕ್ಟ್ರಾನು ಒಂದು ಕಡೆ ಬಂದು ಕೂತರೆ ಸುತ್ತಲಿನ ಹೆಣಿಗೆ ಜಗ್ಗಿ ಒಂದು ಗುಂಡಿ ಆಗುತ್ತದೆ. ಆಮೇಲೆ ಆ ಗುಂಡಿಯಿಂದ ಅದು ಸಲೀಸಾಗಿ ಹೊರಗೆ ಬರಲಾರದು. ಹೊರಟರೂ ಗುಂಡಿಯನ್ನು ಎಳೆದುಕೊಂಡೇ ಹೊರಡುತ್ತದೆ.

ಅವರು ಮಂಚದಲ್ಲಿ ಒಮ್ಮೆ ಮಗ್ಗುಲು ಬದಲಿಸಿ ನೋಡಿದರು. "ಅಂದ್ರೆ ಹೋದ್ ಕಡೆಗೆಲ್ಲ ತನ್ ಗುಂಡಿ ತಾನೇ ಹೊತ್ಕೊಂಡ್ ಹೋಯ್ತದಾ? ಪಾಪ ಕಣೇ. ಬುಡು, ಅದ್ನ ಯಾಕೆ ಗೋಳು ಹುಯ್ಕೊಂತೀಯ."

ಕಳೆದ ಬೇಸಿಗೆಯಲ್ಲಿ ಅವರು ವಳ್ಳೂರಿಗೆ ಯಾರದೋ ಮನೆಯ ಗೇಟು ಕೂರಿಸಲು ಹೋದರು. ಕೆಲಸ ಮುಗಿಸಿ, ಎದೆ ಹಿಡಿದುಕೊಂಡು ನೆರಳಲ್ಲಿ ಕೂತರಂತೆ. ಏಳಲಿಲ್ಲ. ಮಂಚದ ಹಗ್ಗ ಈಗಲೂ ಅವರ ಅಳತೆಗೇ ಜಗ್ಗಿಕೊಂಡಿದೆ. ಅದನ್ನು ಬಿಗಿ ಮಾಡಿಸು ಅಂತ ನೋಡಿದವರೆಲ್ಲ ಹೇಳುತ್ತಾರೆ, ನಾನು ಹೂಂ ಅನ್ನುತ್ತೇನೆ.

ನಾನು ಹೊರಟಿದ್ದು ಆಯುಧಪೂಜೆಯ ವಾರ. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬ ಇಲ್ಲ. ಬೀದಿಯ ಅಂಗಡಿಗಳಿಗೆಲ್ಲ ಬಾಳೆಕಂದು ಬರುತ್ತಿತ್ತು, ನಮ್ಮ ಅಂಗಡಿಯ ಶೆಟರ್ ಮಾತ್ರ ಕೆಳಗೆ. ಬಸ್ ಹತ್ತಿಸಲು ನಾದಿನಿ ಲಕ್ಷ್ಮಿ ಬಂದಿದ್ದಳು. ಅವಳನ್ನು ಪಾವಗಡದ ಆಚೆ ಬಲಸಮುದ್ರಕ್ಕೆ ಕೊಟ್ಟ ಮೇಲೆ ಮಾತು ಅರ್ಧ ತೆಲುಗಾಗಿದೆ. "ಏಮೀ ಭಯಂ ಲೇದು, ಹೋಗ್ಬುಟ್ಟು ಬಾ ಅತ್ಗೆ," ಎಂದು ಚಟ್ನಿಪುಡಿಯ ಡಬ್ಬ ಕೈಗಿಟ್ಟಳು. ಬಸ್ಸು ಮಧುಗಿರಿ ದಾಟಿ ಕೊರಟಗೆರೆ ತಲುಪುವವರೆಗೂ ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದೆ.

ವಿಮಾನ ನಿಲ್ದಾಣ

ಹರಳನ್ನು ಹತ್ತಿಯಲ್ಲಿ ಸುತ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದೆ. ತಪಾಸಣೆಯವನು ಬ್ಯಾಗು ತೆಗೆಸಿದ. ಚಟ್ನಿಪುಡಿಯನ್ನು ಮೂಸಿ ತಲೆದೂಗಿದ. ಡಬ್ಬಿ ತೆಗೆದು ಬೆಳಕಿಗೆ ಹಿಡಿದ.

"ಏನಮ್ಮ ಇದು, ವಜ್ರಾನಾ?"

"ವಜ್ರ ಆಗಿದ್ದರೆ ನಾನ್ಯಾಕೆ ಕೆಂಪು ಬಸ್ಸಲ್ಲಿ ಬರ್ತಿದ್ದೆ ಸಾರ್? ಇದು ಮ್ಯಾಂಗನೀಸಿನ ಹರಳು."

ನನ್ನ ಹತ್ತಿರ ಕಾಗದ ಪತ್ರ ಎಲ್ಲ ಇದ್ದವು. ಅವನು ನೋಡಲಿಲ್ಲ. "ಹೋಗಿ ಹೋಗಿ ಕಲ್ಲು ಹೊತ್ಕೊಂಡು ಹೋಗ್ತಿದೀರಲ್ಲ," ಎಂದು ಬಿಟ್ಟುಕೊಟ್ಟ. ನಮ್ಮನೆಯವರಾಗಿದ್ದರೆ ಅವನ ಹೆಗಲ ಮೇಲೆ ಕೈ ಹಾಕಿ, ಊರು ಯಾವುದು ಅಂತ ಕೇಳಿ, ಒಂದು ಗೇಟಿಗೆ ಆರ್ಡರ್ ಹಿಡಿದುಕೊಂಡೇ ಮುಂದೆ ಹೋಗುತ್ತಿದ್ದರು.

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು. ರೆಕ್ಕೆಯ ಮೇಲೆ ಸಾಲು ಸಾಲು ರಿವೆಟ್ಟು ಮೊಳೆ. ಎಲ್ಲೂ ಬೆಸುಗೆ ಕಾಣಲಿಲ್ಲ. ಯಾಕೆ ಅಂತ ಕೇಳಿದರೆ ಹೇಳುತ್ತಿದ್ದವರು ಪಕ್ಕದಲ್ಲಿರಲಿಲ್ಲ. ಪಕ್ಕದಲ್ಲಿದ್ದವನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ಗ್ರೆನೋಬಲ್

ಆ ಊರಿನಲ್ಲಿ ನಾನು ಮಾಡಿದ ಮೊದಲ ತಪ್ಪು, ಬಸ್ಸಿನ ಡ್ರೈವರನ್ನು ನೇರವಾಗಿ ದಾರಿ ಕೇಳಿದ್ದು. "ಈ ಬಸ್ಸು ಎರಡು ನದಿ ಸೇರುವ ಜಾಗಕ್ಕೆ, ಎಕ್ಸ್-ರೇ ಯಂತ್ರದ ಕಡೆಗೆ ಹೋಗುತ್ತಾ?" ಆತ ಎದುರಿನ ಗಾಜು ನೋಡುತ್ತಾ "ಬೊಂಜೂರ್" ಅಂದ. ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಮತ್ತೆ "ಬೊಂಜೂರ್". ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನ ಕಿವಿಯ ಹತ್ತಿರ ಬಂದು ಬೊಂಜೂರ್ ಅಂದು ತೋರಿಸಿಕೊಟ್ಟರು. ನಾನೂ ಅಂದೆ. ಕೂಡಲೇ ಡ್ರೈವರು ಹಲ್ಲು ಬಿಟ್ಟು, ಹತ್ತಿ ಎಂದು ಕೈ ತೋರಿಸಿದ. ಅಲ್ಲಿ ಯಾರನ್ನು ಏನು ಕೇಳಬೇಕಾದರೂ ಮೊದಲು ನಮಸ್ಕಾರ ಸಲ್ಲಬೇಕು. ನಮ್ಮಲ್ಲಿ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ನಮಸ್ಕಾರ ಅಂದು ನಿಂತರೆ ಬಸ್ಸು ಹೋಗಿಬಿಟ್ಟಿರುತ್ತದೆ.

ಎರಡನೆಯ ತಪ್ಪು ಅತಿಥಿ ಗೃಹದ ಅಡಿಗೆಮನೆಯಲ್ಲಿ. ಒಣಮೆಣಸಿನಕಾಯಿ ಹಾಕಿ ಸಾರಿಗೆ ಒಗ್ಗರಣೆ ಕೊಟ್ಟೆ, ಅಷ್ಟೇ. ಛಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಒಂದು ಡಬ್ಬಿ ಬೊಬ್ಬೆ ಹೊಡೆಯಲು ಶುರು ಮಾಡಿತು. ಕೋಣೆ ಕೋಣೆಯಿಂದ ಜನ ಕೆಮ್ಮುತ್ತಾ ಅಂಗಳಕ್ಕೆ ಓಡಿಬಂದರು. ಕೈಯಲ್ಲಿ ಸೌಟು ಹಿಡಿದು ನಾನೂ ಅವರ ಜೊತೆ ನಿಂತೆ, ಬೇರೆ ಯಾರೋ ಮಾಡಿದ್ದು ಅನ್ನುವ ಹಾಗೆ. ಸೌಟು ನೋಡಿ ಎಲ್ಲರಿಗೂ ಗೊತ್ತಾಯಿತು.

ಅಲ್ಲಿನವರು ಸಂಜೆ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆಯುತ್ತಾರೆ. ಮನೆ ತಲುಪುವ ತನಕ ತಡೆಯಲಾರದೆ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದನ್ನು ನೋಡಿದಾಗ ಮಾತ್ರ ಈ ಜನ ನಮ್ಮವರೇ ಅನ್ನಿಸಿತು. ನಮ್ಮನೆಯವರೂ ಹುರಿಗಡಲೆ ತರಲು ಹೋದರೆ ಪೊಟ್ಟಣದಲ್ಲಿ ಅರ್ಧ ಮಾತ್ರ ಮನೆಗೆ ಬರುತ್ತಿತ್ತು.

ನದಿಗೆ ಹಾಕಿದ ಸೇತುವೆ, ಟ್ರಾಮಿನ ಕಂಬಿ, ಅಂಗಡಿಯ ಮೆಟ್ಟಿಲ ಪಕ್ಕದ ಸರಳು, ಎಲ್ಲಿ ಕಬ್ಬಿಣ ಕಂಡರೂ ನನ್ನ ಕಣ್ಣು ಬೆಸುಗೆಗೇ ಹೋಗುತ್ತಿತ್ತು. ಇಪ್ಪತ್ತು ವರ್ಷ ವೆಲ್ಡರ್ ಜೊತೆ ಬಾಳಿದವಳ ಕಣ್ಣು. ಚೆನ್ನಾಗಿದ್ದರೆ "ಜೇನುಗೂಡು ಕಟ್ದಂಗೈತೆ ನೋಡೇ" ಅನ್ನುತ್ತಿದ್ದರು, ಕೆಟ್ಟದಾಗಿದ್ದರೆ "ಉಗ್ದವ್ನೆ ಕಣೇ, ಬೆಸುಗೆ ಹಾಕಿಲ್ಲ" ಅನ್ನುತ್ತಿದ್ದರು. ಸೇತುವೆಯ ಮೇಲೆ ಒಂದು ಕಡೆ ನಿಜಕ್ಕೂ ಜೇನುಗೂಡಿನಂಥ ಬೆಸುಗೆ ಇತ್ತು. ಫೋಟೋ ತೆಗೆದೆ. ಕಳಿಸಲು ಫೋನಿನಲ್ಲಿ ಅವರ ಹೆಸರನ್ನು ತೆರೆದ ಮೇಲೆ ನೆನಪಾಯಿತು.

ಕಬ್ಬಿಣದ ಕೋಣೆ

ನನಗೆ ಸಹಾಯಕ್ಕೆ ಇದ್ದ ವಿಜ್ಞಾನಿಯ ಹೆಸರು ಮಾರ್ಟಿನ್. ನರೆಗೂದಲಿನ ಹೆಂಗಸು, ಒಂದರ ಮೇಲೊಂದು ಎರಡು ಸ್ವೆಟರು, ಜೇಬಿನಲ್ಲಿ ಸದಾ ಒಂದು ಸಣ್ಣ ಚಿಮುಟ. ಆ ಚಿಮುಟವನ್ನು ಆಕೆ ಯಾರ ಕೈಗೂ ಕೊಡುವುದಿಲ್ಲ ಅಂತ ಅಲ್ಲಿನ ಹುಡುಗಿಯೊಬ್ಬಳು ನನಗೆ ಮೊದಲೇ ಎಚ್ಚರಿಸಿದ್ದಳು.

ಮಾರ್ಟಿನ್ ನನ್ನ ಹರಳನ್ನು ಆ ಚಿಮುಟದಲ್ಲಿ ಎತ್ತಿ ಸೂಜಿಯ ತುದಿಗೆ ಅಂಟಿಸಿದಳು. ಸೀಸ ಹೊದಿಸಿದ ಆ ಕಬ್ಬಿಣದ ಕೋಣೆಯ ಬಾಗಿಲು ಮುಚ್ಚಿ ಒಳಗೆ ಎಕ್ಸ್-ರೇ ಕಿರಣ ಬಿಟ್ಟಳು. ಹೊರಗಿನ ಪರದೆಯ ಮೇಲೆ ಚುಕ್ಕಿಗಳು ಮೂಡಿದವು, ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಸಾಲು ತಪ್ಪದೆ. ಹರಳು ಒಳ್ಳೆಯದು ಅಂತ ಅದರ ಅರ್ಥ. ಎಲೆಕ್ಟ್ರಾನು ಮಾಡಿದ ಗುಂಡಿಗಳು ಆ ಚುಕ್ಕಿಗಳ ನಡುವೆ ತೆಳ್ಳನೆಯ ಮೋಡದ ಹಾಗೆ ಕಾಣಬೇಕು. ಅದನ್ನು ನೋಡಲಿಕ್ಕೇ ನಾನು ಬಂದಿದ್ದು. ಮೋಡ ಇರಬೇಕಾದ ಜಾಗದಲ್ಲಿ ಸರಿಯಾಗಿ ಬೂದು ಬಣ್ಣದ ಉಂಗುರಗಳು ಕೂತಿದ್ದವು.

ಮೊದಲ ದಿನವೆಲ್ಲ ಆ ಉಂಗುರಗಳ ಹಿಂದೆ ಬಿದ್ದೆವು. ಸೂಜಿ ಬದಲಿಸಿದೆವು, ಅಂಟು ಬದಲಿಸಿದೆವು. ಉಂಗುರ ಹಾಗೇ ಇತ್ತು. ಮರುದಿನ ಮಾರ್ಟಿನ್ ಉಂಗುರಗಳ ಅಳತೆ ತೆಗೆದು, ಯಾವ ವಸ್ತುವಿಗೆ ಎಂಥ ಉಂಗುರ ಎಂಬ ಪಟ್ಟಿಗೆ ಹೋಲಿಸಿದಳು.

"ಇವು ನಿಮ್ಮ ಹರಳಿನವಲ್ಲ," ಎಂದಳು. "ಯಾವುದೋ ಪುಡಿ ಮೆತ್ತಿಕೊಂಡಿದೆ. ಇದು ಮರಳು. ಇದು ಸುಣ್ಣಕಲ್ಲು. ಆ ಬಿರುಕಿನಿಂದ ಬರುತ್ತಿದೆ. ಹರಳು ಎಲ್ಲಾದರೂ ನೆಲಕ್ಕೆ ಬಿದ್ದಿತ್ತೇ?"

ಬಿದ್ದಿರಲಿಲ್ಲ. ಮರಳು, ಸುಣ್ಣ. ಎರಡೂ ಒಟ್ಟಿಗೆ, ನುಣ್ಣಗೆ, ಬೂದು ಬಣ್ಣ. ಸಗಣಿ ಸುಟ್ಟ ಬೂದಿಯಲ್ಲಿ ಇರುವುದೂ ಅದೇ ಅಲ್ಲವೇ?

ಹಿಂದಿನ ವರ್ಷದ ಆಯುಧಪೂಜೆ ಕಣ್ಣ ಮುಂದೆ ಬಂದು ನಿಂತಿತು. ಅಂಗಡಿ ತೊಳೆದು, ವೆಲ್ಡಿಂಗ್ ಮಿಷನ್ನಿಗೆ, ಸುತ್ತಿಗೆಗೆ, ನನ್ನ ಸ್ಕೂಟರಿಗೆ, ತಕ್ಕಡಿಗೆ, ಕೊನೆಗೆ ಹೊಲಿಗೆ ಮಿಷನ್ನಿಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾ ಹೊರಟಿದ್ದರು ನಮ್ಮನೆಯವರು. ತೋರಿಸು ಅಂದರೆಂದು ನಾನು ಬೆಂಗಳೂರಿನಿಂದ ತಂದಿದ್ದ ಹರಳು ಮೇಜಿನ ಮೇಲೆ ಡಬ್ಬಿಯಲ್ಲಿ ತೆರೆದೇ ಇತ್ತು. ನೋಡುನೋಡುತ್ತಲೇ ಅದಕ್ಕೂ ಬೆರಳು ಒತ್ತಿಬಿಟ್ಟರು.

"ಅಯ್ಯೋ, ಅದಕ್ಯಾಕ್ರೀ!" ಅಂತ ಓಡಿದೆ.

"ಕೆಲ್ಸ ಮಾಡೋದ್ಕೆಲ್ಲ ಇಕ್ಬೇಕು ಕಣೇ. ಅಷ್ಟು ದೂರ ಹೋಗಿ ಕೆಲ್ಸ ಮಾಡೋದು ಇದೇ ತಾನೆ?" ಎಂದರು. ಆಮೇಲೆ ಪ್ರತಿ ವರ್ಷದ ಹಾಗೆ ಉಳಿದ ವಿಭೂತಿಯನ್ನು ನನ್ನ ಹಣೆಗೆ ಎಳೆದು, "ಮೇಡಮ್ಮೋರೂ ಕೆಲ್ಸ ಮಾಡ್ತಾರಪ್ಪ," ಎಂದು ನಕ್ಕರು.

ನಾನು ಹರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಎತ್ತಿಟ್ಟಿದ್ದೆ. ಎಲ್ಲ ಹೋಯಿತು ಅಂದುಕೊಂಡಿದ್ದೆ. ಹೋಗಿರಲಿಲ್ಲ. ಬಿರುಕಿನೊಳಗೆ ಅವರ ಬೆರಳಿನ ಬೂದಿ ಉಳಿದುಕೊಂಡು, ನನ್ನ ಜೊತೆ ಕೆಂಪು ಬಸ್ಸು ಹತ್ತಿ, ವಿಮಾನ ಹತ್ತಿ, ಇಲ್ಲಿಗೆ ಬಂದಿತ್ತು.

ಮಾರ್ಟಿನ್‌ಗೆ ಇಷ್ಟನ್ನೂ ಹೇಳಿದೆ. ಆಕೆ ಚಿಮುಟವನ್ನು ಜೇಬಿಗೆ ಹಾಕಿಕೊಂಡು ಹೇಳಿದಳು, "ತೊಳೆಯುವ ಯಂತ್ರ ಇದೆ. ನೀರು ನಡುಗಿ ಬಿರುಕಿನಲ್ಲಿರುವುದನ್ನು ಹೊರಗೆ ಹಾಕುತ್ತದೆ. ಹರಳು ಒಡೆಯಲೂಬಹುದು. ತೊಳೆಯದಿದ್ದರೆ ಮೋಡ ಕಾಣುವುದಿಲ್ಲ. ನೀವು ಹೇಳಿದ ಹಾಗೆ ಮಾಡೋಣ."

ಒಡೆದೀತು ಎಂಬ ಭಯ ಇತ್ತು. ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ದೊಡ್ಡ ಭಯ ಆ ಬೂದಿ ತೊಳೆದುಹೋದೀತು ಎಂಬುದಾಗಿತ್ತು. ಅವರ ಬಟ್ಟೆ ದಾನ ಕೊಟ್ಟಾಗಿತ್ತು, ಚಪ್ಪಲಿ ಯಾರೋ ಹಾಕಿಕೊಂಡು ಹೋಗಿದ್ದರು. ಅವರ ಕೈ ತಾಗಿದ್ದು, ತಾಗಿದ ಹಾಗೇ ಉಳಿದದ್ದು, ಮಂಚದ ಗುಂಡಿ ಬಿಟ್ಟರೆ ಇದೊಂದೇ. ನಾಳೆಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡು ಹೊರಗೆ ಬಂದೆ.

ಕೋಟೆ ಗುಡ್ಡ

ಊರಿನ ನೆತ್ತಿಯ ಮೇಲೆ ಹಳೆಯ ಕೋಟೆ ಇದೆ. ಗಾಜಿನ ಗುಂಡುಗಳು ತಂತಿಯ ಮೇಲೆ ಜನರನ್ನು ಕೂರಿಸಿಕೊಂಡು ಮೇಲೆ ಹೋಗುತ್ತವೆ. ನಾನು ನಡೆದೇ ಹತ್ತಿದೆ. ಮಧುಗಿರಿ ಬೆಟ್ಟದ ಏಕಶಿಲೆಯಲ್ಲಿ ಮೆಟ್ಟಿಲು ಮುಗಿದ ಮೇಲೆ ಕಂಬಿ ಹಿಡಿದು ತೆವಳುವ ಜಾಗ ಇದೆಯಲ್ಲ, ಅಲ್ಲಿ ಮದುವೆಯಾದ ಹೊಸತರಲ್ಲಿ ನಾನು ಹೆದರಿ ಕೂತುಬಿಟ್ಟಿದ್ದೆ. "ಕೆಳಕ್ ನೋಡ್ಬ್ಯಾಡ, ನನ್ ಬೆನ್ ನೋಡ್ಕೊಂಡು ಬಾ" ಅಂದಿದ್ದರು. ಈ ಗುಡ್ಡದಲ್ಲಿ ಹೆದರುವಂಥದ್ದು ಏನೂ ಇಲ್ಲ, ನೆರಳಿನ ದಾರಿ, ಕೂರಲು ಬೆಂಚು. ನೋಡಿಕೊಂಡು ಹತ್ತಲು ಎದುರಿಗೆ ಬೆನ್ನು ಇರಲಿಲ್ಲ. ಬೇಕು ಅನ್ನಿಸಿತು. ಆ ಬೆವರಿದ ಖಾಕಿ ಅಂಗಿಯ ಬೆನ್ನು ಬೇಕೇ ಬೇಕು ಅನ್ನಿಸಿ, ಒಂದು ಬೆಂಚಿನ ಮೇಲೆ ಕೂತು ಅತ್ತೆ. ಹಾದು ಹೋದ ಗಂಡ ಹೆಂಡತಿ ಇಬ್ಬರೂ ನನಗೆ ಬೊಂಜೂರ್ ಅಂದರು. ಅಳುತ್ತಲೇ ನಾನೂ ಅಂದೆ.

ಲಕ್ಷ್ಮಿಗೆ ಫೋನ್ ಮಾಡಿದೆ. ಆ ಕಡೆ ಪಟಾಕಿ ಸದ್ದು, ಯಾರೋ ಬೂದುಗುಂಬಳ ಒಡೆಯಲು ಕೂಗುತ್ತಿದ್ದರು. ಆಯುಧಪೂಜೆ ಅವತ್ತೇ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಮೊದಲು ತಾನೂ ಅತ್ತಳು.

"ಏಡವೊದ್ದು ಅತ್ಗೆ, ಅಳ್ಬ್ಯಾಡ," ಎಂದಳು ಆಮೇಲೆ. "ಅಣ್ಣ ಅದ್ಕೆ ಇಬೂತಿ ಇಕ್ಕಿದ್ದು ಯಾಕೆ ಹೇಳು? ಅದು ಕೆಲ್ಸ ಮಾಡ್ಲಿ ಅಂತ ತಾನೆ?"

"ಹೂಂ."

"ಮತ್ತೆ ಇಬೂತಿನೇ ಕೆಲ್ಸಕ್ಕೆ ಅಡ್ಡ ಬಂದ್ರೆ ಹೆಂಗೆ? ಅಣ್ಣ ಇದ್ದಿದ್ರೆ ತಾನೇ ತೊಳ್ದಾಕ್ಬುಡೋನು. ಮಿಷನ್ನಿಗೆ ಇಕ್ಕಿದ್ದ ಕುಂಕುಮಾನ ಮಾರ್ನೇ ದಿನ ಒರ್ಸಿ ಕೆಲ್ಸಕ್ಕೆ ಕೂರ್ತಿರ್ಲಿಲ್ವಾ?"

ಹೌದು, ಕೂರುತ್ತಿದ್ದರು. ಹಬ್ಬದ ಮರುದಿನ ಬೆಳಿಗ್ಗೆ ಹಳೆ ಬನಿಯನ್ನು ತಗೊಂಡು ಎಲ್ಲವನ್ನೂ ಒರೆಸಿಯೇ ಸ್ವಿಚ್ ಹಾಕುತ್ತಿದ್ದರು. ನನಗೆ ಅದು ನೆನಪೇ ಆಗಿರಲಿಲ್ಲ. ಗುಡ್ಡ ಇಳಿದು ಬಸ್ ಹತ್ತಿದೆ, ಡ್ರೈವರಿಗೆ ಬೊಂಜೂರ್ ಅಂದು.

ಕೊನೆಯ ದಿನ

ಒಂದು ಕಿರುಬೆರಳಿನಷ್ಟು ಗಾಜಿನ ಸೀಸೆಯಲ್ಲಿ ಸ್ಪಿರಿಟ್ಟು ಹಾಕಿ ಹರಳನ್ನು ಅದರೊಳಗೆ ಬಿಟ್ಟೆ. ಸೀಸೆಯನ್ನು ಯಂತ್ರದ ನೀರಿನಲ್ಲಿ ಇಟ್ಟೆವು. ಕನ್ನಡಕದ ಅಂಗಡಿಯಲ್ಲಿ ಕನ್ನಡಕ ತೊಳೆಯಲು ಇಟ್ಟಿರುತ್ತಾರಲ್ಲ, ಅಂಥದ್ದೇ. ಗುಂಯ್ ಎಂದು ನಡುಗಿತು. ನಾನು ಮಾರ್ಟಿನ್‌ಳ ತೋಳು ಹಿಡಿದುಕೊಂಡಿದ್ದೆ ಅಂತ ಆಕೆ ಆಮೇಲೆ ಹೇಳಿದಳು. ಹರಳಿನಿಂದ ಹೊಗೆಯಂಥ ಒಂದು ಎಳೆ ಹೊರಗೆ ಬಂತು. ಟಿಕ್ ಎಂದು ಬಿರುಕಿನ ಮೂಲೆ ಕಳಚಿ ಬಿತ್ತು. ಉಳಿದದ್ದು ಗಟ್ಟಿಯಾಗಿ ನಿಂತಿತು.

ಮಾರ್ಟಿನ್ ಹರಳನ್ನು ಎತ್ತಿಕೊಂಡಳು. ಸೀಸೆಯ ತಳದಲ್ಲಿ ಇದ್ದೂ ಇಲ್ಲದ ಹಾಗೆ ಬೂದಿ ಕೂತಿತ್ತು. ಅದನ್ನು ಚೆಲ್ಲಲು ಅವಳು ಕೈ ಚಾಚಿದಾಗ ಸೀಸೆ ಆಗಲೇ ನನ್ನ ಕೈಯಲ್ಲಿತ್ತು. ಏನೂ ಕೇಳದೆ ಅದನ್ನು ಕಿಟಕಿಯ ಬಿಸಿಲಿನಲ್ಲಿ ಒಣಗಲು ಇಡಿ ಎಂದು ಜಾಗ ಮಾಡಿಕೊಟ್ಟಳು.

ಈ ಸಲ ಉಂಗುರ ಇರಲಿಲ್ಲ. ಚುಕ್ಕಿಗಳ ನಡುವೆ ಮೋಡ ಇತ್ತು. ತೆಳ್ಳಗೆ, ನಾಲ್ಕು ರೆಕ್ಕೆಯ ಚಿಟ್ಟೆಯ ಹಾಗೆ. ಲೆಕ್ಕ ಹಾಕಿ ಕಾಗದದ ಮೇಲೆ ಎಷ್ಟು ಸಲ ಬರೆದಿದ್ದೆನೋ, ಕಣ್ಣಿಂದ ನೋಡಿದ್ದು ಮೊದಲು. ಎಲೆಕ್ಟ್ರಾನುಗಳು ತಮ್ಮ ತಮ್ಮ ಗುಂಡಿ ಹೊತ್ತು ಕೂತಿದ್ದವು. ಪಾಪ ಕಣೇ, ಅಂತ ಕೇಳಿಸಿತು.

ಆಮೇಲೆ ಹರಳನ್ನು ತಣ್ಣಗೆ ಮಾಡುತ್ತಾ ಹೋದೆವು. ತಣ್ಣಗಾದರೆ ಹರಳು ಅಯಸ್ಕಾಂತವಾಗುತ್ತದೆ. ಒಳಗೆಲ್ಲ ಒಂದು ಶಿಸ್ತು ಬರುತ್ತದೆ. ಎಲೆಕ್ಟ್ರಾನು ಗುಂಡಿ ಬಿಟ್ಟು ಸಲೀಸಾಗಿ ಓಡಲು ಶುರು ಮಾಡುತ್ತದೆ. ಹಾಗಾದರೆ ಮೋಡ ಕರಗಬೇಕು ಎಂಬುದು ನಮ್ಮ ಲೆಕ್ಕ. ಕರಗಿತು. ಪರದೆಯ ಮೇಲೆ ಚೊಕ್ಕಟವಾದ ಚುಕ್ಕಿಗಳು ಮಾತ್ರ ಉಳಿದವು. ಮಾರ್ಟಿನ್ ಚಪ್ಪಾಳೆ ತಟ್ಟಿದಳು. ಇಷ್ಟು ವರ್ಷ ಕಾದದ್ದು ಇದಕ್ಕೇ. ಖುಷಿ ಆಯಿತು. ಆ ಗುಂಡಿಗಳೂ ಹೋದವಲ್ಲ ಅಂತಲೂ ಅನ್ನಿಸಿತು.

"ಇನ್ನೊಮ್ಮೆ ಬಿಸಿ ಮಾಡಿ ನೋಡಬೇಕು," ಎಂದಳು ಮಾರ್ಟಿನ್. ಯಾವ ಪ್ರಯೋಗದಲ್ಲಾದರೂ ಮಾಡುವುದೇ. ಹರಳು ನಿಧಾನವಾಗಿ ನಮ್ಮ ಕೋಣೆಯ ಬಿಸುಪಿಗೆ ಬಂತು. ಚುಕ್ಕಿಗಳ ನಡುವೆ ಅದೇ ಜಾಗದಲ್ಲಿ ಅದೇ ಚಿಟ್ಟೆ ಮತ್ತೆ ಬಂದು ಕೂತಿತು. ನಾನು ಜೋರಾಗಿ ನಕ್ಕುಬಿಟ್ಟೆ. ಮಂಚದ ಹಗ್ಗ ಬಿಗಿ ಮಾಡಿಸುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಕಿರಣ ನಿಂತ ಮೇಲೆ ಮಾರ್ಟಿನ್ ಹರಳನ್ನು ಬಿಡಿಸಿ ಡಬ್ಬಿಯ ಹತ್ತಿಯ ಮೇಲಿಟ್ಟಳು. ನಾನು ಕಿಟಕಿಯಿಂದ ಸೀಸೆ ತಂದೆ. ಒಣಗಿದ ಬೂದಿಯನ್ನು ಬೆರಳ ತುದಿಗೆ ತಗೊಂಡು ಹರಳಿಗೆ ಮುಟ್ಟಿಸಿದೆ.

"ಅಯ್ಯೋ, ಮತ್ತೆ ಕೊಳೆ ಮಾಡಿದಿರಲ್ಲ!" ಎಂದಳು ಮಾರ್ಟಿನ್.

"ಅವತ್ತು ಇದು ಕೆಲಸ ಮಾಡಲಿ ಅಂತ ಇಟ್ಟಿದ್ದರು. ಈಗ ಮಾಡಿದೆ. ಅದಕ್ಕೆ."

ಆಕೆ ನನ್ನ ಮುಖ ನೋಡಿದಳು, ಹರಳನ್ನು ನೋಡಿದಳು. ಸ್ವೆಟರಿನ ಜೇಬಿಗೆ ಕೈ ಹಾಕಿ, ಯಾರಿಗೂ ಕೊಡದ ಆ ಚಿಮುಟವನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಇದೂ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ," ಎಂದಳು.

ಅದಕ್ಕೂ ಇಟ್ಟೆ. ಬೆರಳಲ್ಲಿ ಇನ್ನೂ ಒಂಚೂರು ಉಳಿದಿತ್ತು. ಒರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಈ ವರ್ಷ ಇಡುವವರು ಇಲ್ಲ, ನಾನೇ ನನ್ನ ಹಣೆಗೆ ಎಳೆದುಕೊಂಡೆ. ಮೇಡಮ್ಮೋರೂ ಕೆಲಸ ಮಾಡಿದ್ದರಲ್ಲ.